ತೆರಿಗೆ ಕಾನೂನು ಬದಲಾದಾಗ ದರವನ್ನು ಕೊನೆಗೆ ನೋಡಿ

ಬಜೆಟ್ ಮಂಡನೆಯಾದ ಸಂಜೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಎಷ್ಟು ಪರ್ಸೆಂಟ್ ಆಯಿತು? ಟಿವಿಯವರು ದೊಡ್ಡ ಅಕ್ಷರದಲ್ಲಿ ತೋರಿಸುವುದೂ ಅದನ್ನೇ. ಆದರೆ ಒಂದು ಮನೆಯ ಲೆಕ್ಕವನ್ನೋ, ನಾಲ್ಕೈದು ಜನ ಕೆಲಸಕ್ಕಿರುವ ಸಣ್ಣ ಉದ್ಯಮದ ಲೆಕ್ಕವನ್ನೋ ಏರುಪೇರು ಮಾಡುವುದು ಹೆಚ್ಚಾಗಿ ದರವಲ್ಲ. ಯಾವ ತಾರೀಖಿನಿಂದ ಜಾರಿ, ಯಾವ ಮೊತ್ತದ ಮೇಲೆ ಲೆಕ್ಕ, ಯಾವ ಗೆರೆ ದಾಟಿದರೆ ಅನ್ವಯ, ಕಟ್ಟುವ ಹೊಣೆ ಯಾರದು, ಪೆಟ್ಟು ಬೀಳುವುದು ಈ ನಾಲ್ಕು ಕಡೆ. ಹೊಸ ದರ ಬಾಯಿಪಾಠ ಬಂದವರೂ ಇವುಗಳಲ್ಲಿ ಒಂದನ್ನು ನೋಡದೆ ಬಿಟ್ಟು ನೋಟಿಸ್ ತರಿಸಿಕೊಳ್ಳುತ್ತಾರೆ.

ಕೆಳಗಿನ ಕ್ರಮ ಯಾವ ದೇಶದ ತೆರಿಗೆಗೂ ಹೊಂದುತ್ತದೆ. ಉದಾಹರಣೆಗಳನ್ನು ಬೇರೆ ಬೇರೆ ದೇಶಗಳ ಇತ್ತೀಚಿನ ಕಾನೂನುಗಳಿಂದ ಆರಿಸಿದ್ದೇನೆ. ನೀವಿರುವ ದೇಶದ್ದು ಇಲ್ಲಿ ಇಲ್ಲದಿದ್ದರೂ ಲೆಕ್ಕ ಹಾಕುವ ದಾರಿ ಅದೇ. ಕಳೆದ ವರ್ಷದ ರಿಟರ್ನ್ ಮತ್ತು ಇತ್ತೀಚಿನ ಒಂದು ಸಂಬಳ ಚೀಟಿ ಕೈಗೆ ಸಿಗುವಂತಿರಲಿ.

1. ಮೊದಲು ತಾರೀಖುಗಳು

ಪ್ರಕಟವಾದ ದಿನ, ಕಾನೂನಾದ ದಿನ, ಜಾರಿಗೆ ಬಂದ ದಿನ, ಮೂರೂ ಬೇರೆ. ಸಚಿವರ ಭಾಷಣದಲ್ಲಿ ಇರುವುದು ಪ್ರಸ್ತಾವ ಮಾತ್ರ. ಮಸೂದೆ ಸದನದಲ್ಲಿ ಬದಲಾಗಬಹುದು, ಬಿದ್ದೂ ಹೋಗಬಹುದು. ಹಾಗಾಗಿ ಮೂರು ತಾರೀಖುಗಳನ್ನೂ ಒಂದೇ ಸಾಲಿನಲ್ಲಿ ಬರೆದುಕೊಳ್ಳಿ, ಮೂರನೆಯದು ತುಂಬುವ ತನಕ ಯಾರಿಗೂ ಮಾತು ಕೊಡಬೇಡಿ, ಯಾವ ಒಪ್ಪಂದಕ್ಕೂ ಸಹಿ ಹಾಕಬೇಡಿ.

ಬ್ರಿಟನ್ನಿನಲ್ಲಿ ಉದ್ಯೋಗದಾತರು ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ (ಸಂಬಳದ ಮೇಲೆ ಲೆಕ್ಕ ಹಾಕುವ ಸಾಮಾಜಿಕ ವಿಮೆಯ ಪಾಲು) ಏರಿಕೆ ಪ್ರಕಟವಾದದ್ದು 2024ರ ಅಕ್ಟೋಬರ್ 30ರಂದು, ಜಾರಿಗೆ ಬಂದದ್ದು 2025ರ ಏಪ್ರಿಲ್ 6ರಂದು. ತಯಾರಿಗೆ ಐದು ತಿಂಗಳು ಸಿಕ್ಕಿತು. ಅಮೆರಿಕದಲ್ಲಿ ಅದೇ 2025ರಲ್ಲಿ ಇದಕ್ಕೆ ತದ್ವಿರುದ್ಧ. ಜುಲೈ 4ರಂದು ಅಧ್ಯಕ್ಷರ ಸಹಿ ಬಿದ್ದ ಕಾನೂನು ಟಿಪ್ಸ್ ಮತ್ತು ಓವರ್‌ಟೈಮ್ ಗಳಿಕೆಗೆ ಕೊಟ್ಟ ತೆರಿಗೆ ಲಾಭವನ್ನು ಜನವರಿ 1ರಿಂದಲೇ ಅನ್ವಯಿಸಿತು. ಅಷ್ಟು ಹೊತ್ತಿಗೆ ಆರು ತಿಂಗಳ ಸಂಬಳ ಹಳೆಯ ಲೆಕ್ಕದಲ್ಲೇ ಪಾವತಿಯಾಗಿ ಹೋಗಿತ್ತು. ಆ ವರ್ಷದ ಸಂಬಳದಲ್ಲಿ ತೆರಿಗೆ ಮುರಿಯುವ ಕೋಷ್ಟಕಗಳನ್ನು ಅಲ್ಲಿನ ಇಲಾಖೆ ಬದಲಿಸಲೂ ಇಲ್ಲ. ಅಂದರೆ ಲಾಭ ಇತ್ತು, ಆದರೆ ಅದು ಸಂಬಳ ಚೀಟಿಯಲ್ಲಿ ಕಾಣಲಿಲ್ಲ. ಮುಂದಿನ ವರ್ಷ ರಿಟರ್ನ್ ಸಲ್ಲಿಸಿದವರಿಗೆ ಮಾತ್ರ ದಕ್ಕುವಂಥದು.

ತಾರೀಖು ಗೊತ್ತಾದ ಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ, ಸಾಮಾನ್ಯವಾಗಿ ಯಾರೂ ಕೇಳದ ಪ್ರಶ್ನೆ: ಯಾವುದರ ತಾರೀಖು? ಕೆಲಸ ಮಾಡಿದ ದಿನದ್ದೇ, ಸಂಬಳ ಕೊಟ್ಟ ದಿನದ್ದೇ, ಬಿಲ್ ಹಾಕಿದ ದಿನದ್ದೇ? ಆಸ್ಟ್ರೇಲಿಯದಲ್ಲಿ ಉದ್ಯೋಗದಾತರು ನೌಕರರ ನಿವೃತ್ತಿ ನಿಧಿಗೆ ಕಟ್ಟಬೇಕಾದ ಪಾಲು 2025ರ ಜುಲೈ 1ರಂದು ಶೇ 11.5ರಿಂದ ಶೇ 12ಕ್ಕೆ ಏರಿತು. ಅಲ್ಲಿ ಲೆಕ್ಕಕ್ಕೆ ಬರುವುದು ಸಂಬಳ ಕೊಟ್ಟ ದಿನ. ಜೂನ್ ತಿಂಗಳ ದುಡಿಮೆಗೆ ಜುಲೈಯಲ್ಲಿ ಸಂಬಳ ಕೊಟ್ಟರೆ ಪೂರ್ತಿ ಮೊತ್ತಕ್ಕೂ ಶೇ 12. ಭಾರತದ ಜಿಎಸ್‌ಟಿಯಲ್ಲಿ ದರ ಬದಲಾದರೆ ಮೂರು ಘಟನೆಗಳನ್ನು ನೋಡುತ್ತಾರೆ: ಸರಕು ಅಥವಾ ಸೇವೆ ಕೊಟ್ಟದ್ದು, ಬಿಲ್ ಹಾಕಿದ್ದು, ಹಣ ಬಂದದ್ದು. ಮೂರರಲ್ಲಿ ಎರಡು ಯಾವ ಕಡೆ ಬೀಳುತ್ತವೋ ಆ ಕಡೆಯ ದರ. 2025ರ ಸೆಪ್ಟೆಂಬರ್ 22ರಂದು ದರಗಳು ಬದಲಾದಾಗ ಮುಂಗಡ ಪಡೆದು ಸರಕು ಕೊಡದೆ ಇದ್ದವರಿಗೆಲ್ಲ ಈ ನಿಯಮವೇ ಉತ್ತರ ಹೇಳಬೇಕಾಯಿತು.

ವರ್ಷದ ನಡುವೆ ದರ ಇಳಿದರೆ ಇನ್ನೂ ಒಂದು ತಿರುವು ಇರುತ್ತದೆ. ಕೆನಡಾ 2025ರ ಜುಲೈ 1ರಿಂದ ಅತಿ ಕೆಳಗಿನ ಹಂತದ ದರವನ್ನು ಶೇ 15ರಿಂದ ಶೇ 14ಕ್ಕೆ ಇಳಿಸಿತು. ಆದರೆ ವಾರ್ಷಿಕ ರಿಟರ್ನ್‌ನಲ್ಲಿ ಮೊದಲರ್ಧಕ್ಕೊಂದು ದರ, ಎರಡನೆಯ ಅರ್ಧಕ್ಕೊಂದು ದರ ಎಂದು ಆದಾಯ ಒಡೆಯುವ ಗೊಡವೆ ಇಲ್ಲ. ಇಡೀ ವರ್ಷಕ್ಕೆ ಶೇ 14.5. ಜೂನ್‌ನಲ್ಲಿ ಬರಬೇಕಾದ ಬಿಲ್ಲನ್ನು ಜುಲೈಗೆ ತಳ್ಳಿ ಜಾಣತನ ಮಾಡಿದೆ ಅಂದುಕೊಂಡವರಿಗೆ ಅಲ್ಲಿ ಏನೂ ಉಳಿಯುವಂತಿರಲಿಲ್ಲ.

2. ತಲೆಬರಹವನ್ನು ಒಡೆದು ನೋಡಿ

ತೆರಿಗೆ ಸುದ್ದಿಯ ತಲೆಬರಹ ಸುಳ್ಳಾಗಿರುವುದು ಕಡಿಮೆ, ಅರ್ಧ ಮಾತ್ರ ಇರುವುದೇ ಹೆಚ್ಚು. ಒಂದನ್ನು ಕೊಟ್ಟಾಗ ಇನ್ನೊಂದನ್ನು ಕಿತ್ತುಕೊಂಡಿದ್ದಾರೆಯೇ ಎಂದು ಹುಡುಕುವುದು ಎರಡನೆಯ ಕೆಲಸ.

ಅಮೆರಿಕದ 2017ರ ಕಾನೂನು ಇದಕ್ಕೆ ಪಾಠದಂಥ ಉದಾಹರಣೆ. ಯಾವ ದಾಖಲೆಯೂ ಇಲ್ಲದೆ ಆದಾಯದಿಂದ ಕಳೆಯಬಹುದಾದ ಪ್ರಮಾಣಿತ ಕಡಿತ ಹೆಚ್ಚು ಕಡಿಮೆ ದುಪ್ಪಟ್ಟಾಯಿತು: ಒಬ್ಬರಿಗೆ 6,350 ಡಾಲರ್ ಇದ್ದದ್ದು 12,000, ದಂಪತಿಗೆ 12,700 ಇದ್ದದ್ದು 24,000. ಆದರೆ ಮನೆಯ ಪ್ರತಿಯೊಬ್ಬ ಸದಸ್ಯರ ತಲೆಗೆ 4,050 ಡಾಲರಿನಂತೆ ಸಿಗುತ್ತಿದ್ದ ವಿನಾಯಿತಿ ಅದೇ ಕಾನೂನಿನಲ್ಲಿ ರದ್ದಾಯಿತು. ಒಂಟಿ ವ್ಯಕ್ತಿಗೆ ಎರಡೂ ಸೇರಿ ಮೊದಲು 10,400, ಆಮೇಲೆ 12,000. ದುಪ್ಪಟ್ಟು ಎಲ್ಲಿ ಬಂತು? ಮೂವರು ಮಕ್ಕಳಿರುವ ದಂಪತಿಗಂತೂ ಮೊದಲು 32,950 ಕಳೆಯುತ್ತಿದ್ದದ್ದು ಆಮೇಲೆ 24,000ಕ್ಕೆ ಇಳಿಯಿತು. ಅಷ್ಟಕ್ಕೇ ಅವರಿಗೆ ನಷ್ಟವಾಯಿತು ಎಂದು ಹೇಳುವುದೂ ತಪ್ಪು. ಮಕ್ಕಳ ಹೆಸರಿನ ತೆರಿಗೆ ರಿಯಾಯಿತಿ ತಲಾ 1,000ದಿಂದ 2,000 ಡಾಲರಿಗೆ ಏರಿತ್ತು, ದರಗಳೂ ಇಳಿದಿದ್ದವು.

ಇಲ್ಲಿ ಕಡಿತ ಮತ್ತು ರಿಯಾಯಿತಿಗಳ ವ್ಯತ್ಯಾಸ ಗಟ್ಟಿಯಾಗಿ ಗೊತ್ತಿರಬೇಕು. ಕಡಿತ ಆದಾಯದಿಂದ ಕಳೆಯುವಂಥದು. ರಿಯಾಯಿತಿ ಅಥವಾ ರಿಬೇಟ್ ತೆರಿಗೆಯಿಂದಲೇ ಕಳೆಯುವಂಥದು. ಶೇ 20ರ ಹಂತದಲ್ಲಿರುವವರಿಗೆ 1,000ದ ಕಡಿತ ಉಳಿಸುವುದು 200. 1,000ದ ರಿಬೇಟ್ ಉಳಿಸುವುದು ಪೂರ್ತಿ 1,000. ಸುದ್ದಿಯಲ್ಲಿ ಎರಡಕ್ಕೂ ‘ವಿನಾಯಿತಿ’ ಎಂಬ ಒಂದೇ ಹೆಸರು.

‘ಟಿಪ್ಸ್‌ಗೆ ತೆರಿಗೆ ಇಲ್ಲ’ ಎಂಬ ಘೋಷಣೆಯನ್ನೂ ಹೀಗೆಯೇ ಒಡೆಯಿರಿ. ಅಮೆರಿಕದ 2025ರ ಕಾನೂನಿನಲ್ಲಿ ಇರುವುದು ವರ್ಷಕ್ಕೆ ಗರಿಷ್ಠ 25,000 ಡಾಲರಿನ ಕಡಿತ. ಓವರ್‌ಟೈಮ್‌ಗೆ ಒಬ್ಬರಿಗೆ ಗರಿಷ್ಠ 12,500, ಅದೂ ಒಂದೂವರೆ ಪಟ್ಟು ಕೂಲಿಯ ಆ ಹೆಚ್ಚುವರಿ ಅರ್ಧ ಪಾಲಿಗೆ ಮಾತ್ರ. ಒಬ್ಬರ ಆದಾಯ ಒಂದೂವರೆ ಲಕ್ಷ ಡಾಲರ್ ದಾಟಿದರೆ ಎರಡೂ ಕರಗುತ್ತಾ ಬರುತ್ತವೆ. ಸಾಮಾಜಿಕ ಭದ್ರತೆಯ ತೆರಿಗೆ ಎಂದಿನಂತೆ ಬೀಳುತ್ತದೆ. 2028ರ ಕೊನೆಗೆ ಈ ಎರಡೂ ಕಡಿತ ಮುಗಿಯುತ್ತವೆ.

3. ನಿಮ್ಮದೇ ಅಂಕಿ ಹಾಕಿ, ಎರಡು ಕಾಲಂನಲ್ಲಿ

ಕಳೆದ ವರ್ಷದ ರಿಟರ್ನ್‌ನ ಅಂಕಿಗಳನ್ನೇ ಇಟ್ಟುಕೊಂಡು ಎಡಗಡೆ ಹಳೆಯ ನಿಯಮ, ಬಲಗಡೆ ಹೊಸ ನಿಯಮ. ಒಟ್ಟು ಆದಾಯ, ಕಡಿತಗಳು, ತೆರಿಗೆ ಬೀಳುವ ಆದಾಯ, ತೆರಿಗೆ, ರಿಬೇಟ್, ಸೆಸ್ ಅಥವಾ ಸರ್‌ಚಾರ್ಜ್, ಕೊನೆಗೆ ಕಟ್ಟಬೇಕಾದದ್ದು. ಏಳು ಸಾಲು ಸಾಕು. ಆನ್‌ಲೈನ್ ಕ್ಯಾಲ್ಕುಲೇಟರ್ ಬಳಸುವವರೂ ಒಂದು ಸಲ ಕೈಯಲ್ಲಿ ಮಾಡಿ ನೋಡಿ. ವ್ಯತ್ಯಾಸ ಯಾವ ಸಾಲಿನಲ್ಲಿ ಹುಟ್ಟಿತು ಎಂಬುದನ್ನು ಕ್ಯಾಲ್ಕುಲೇಟರ್ ಹೇಳುವುದಿಲ್ಲ.

ಒಂದು ಹಳೆಯ ಭಯವನ್ನು ಇಲ್ಲೇ ಬಿಡಿಸಿಬಿಡೋಣ. ಸಂಬಳ ಏರಿ ಮೇಲಿನ ಸ್ಲ್ಯಾಬ್‌ಗೆ ಹೋದರೆ ಪೂರ್ತಿ ಸಂಬಳಕ್ಕೆ ಹೆಚ್ಚಿನ ದರ ಬೀಳುತ್ತದೆ, ಅದಕ್ಕಿಂತ ಬಡ್ತಿ ಬೇಡ ಅನ್ನುವವರು ಇನ್ನೂ ಇದ್ದಾರೆ. ಹಂತಹಂತದ ತೆರಿಗೆಯಲ್ಲಿ ಮೇಲಿನ ದರ ಬೀಳುವುದು ಗೆರೆಯಿಂದ ಆಚೆ ಹೋದ ಮೊತ್ತಕ್ಕೆ ಮಾತ್ರ. ಆದರೆ ಈ ಭಯ ಪೂರ್ತಿ ಆಧಾರವಿಲ್ಲದ್ದೂ ಅಲ್ಲ. ರಿಬೇಟ್‌ಗಳು, ಸಹಾಯಧನಗಳು ಗೆರೆ ದಾಟಿದ ಕೂಡಲೇ ಕಡಿದು ಬೀಳುವಂತಿದ್ದರೆ ಅಲ್ಲಿ ನಿಜವಾದ ಪ್ರಪಾತ ಇರುತ್ತದೆ. ಅದಕ್ಕೆ ಕಾನೂನಿನಲ್ಲಿ ಸೇತುವೆ ಹಾಕಿದ್ದಾರೆಯೇ ನೋಡಬೇಕು.

ಭಾರತದ 2025ರ ಬಜೆಟ್ಟಿನ ‘12 ಲಕ್ಷದವರೆಗೆ ತೆರಿಗೆ ಇಲ್ಲ’ ಎಂಬುದನ್ನೇ ತೆಗೆದುಕೊಳ್ಳಿ. ಅಲ್ಲಿ ಲೆಕ್ಕಕ್ಕೆ ಹಳೆಯದು, ಹೊಸದು ಎಂದು ಎರಡು ಪದ್ಧತಿಗಳಿವೆ; ಹೊಸ ಪದ್ಧತಿಯಲ್ಲಿ ತೆರಿಗೆ ಶುರುವಾಗುವುದು 4 ಲಕ್ಷದಿಂದಲೇ: 8 ಲಕ್ಷದವರೆಗೆ ಶೇ 5, 12 ಲಕ್ಷದವರೆಗೆ ಶೇ 10. ಹೀಗೆ 12 ಲಕ್ಷಕ್ಕೆ 60,000 ರೂಪಾಯಿ ತೆರಿಗೆ ಬರುತ್ತದೆ, ಅಷ್ಟನ್ನೂ ರಿಬೇಟ್ ಅಳಿಸುತ್ತದೆ. ಆದಾಯ 12,10,000 ಆದರೆ ರಿಬೇಟ್ ಇಲ್ಲ, ಸ್ಲ್ಯಾಬ್ ಪ್ರಕಾರ 61,500 ಕಟ್ಟಬೇಕು. ಹತ್ತು ಸಾವಿರ ಹೆಚ್ಚು ದುಡಿದದ್ದಕ್ಕೆ ಅರವತ್ತೊಂದೂವರೆ ಸಾವಿರ ದಂಡ ಎಂದಾಗಬಾರದೆಂದು ಮಾರ್ಜಿನಲ್ ರಿಲೀಫ್ ಎಂಬ ಸೇತುವೆ ಇದೆ. ಗೆರೆ ದಾಟಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗುವುದಿಲ್ಲ, ಅಂದರೆ 10,000 ಮತ್ತು ಅದರ ಮೇಲೆ ಸೆಸ್. ಸಂಬಳದಾರರಿಗೆ 75,000ದ ಪ್ರಮಾಣಿತ ಕಡಿತ ಬೇರೆ ಇರುವುದರಿಂದ ಅವರ ಗೆರೆ 12.75 ಲಕ್ಷ. ಶೇರು ಮಾರಿದ ಲಾಭದಂಥ, ವಿಶೇಷ ದರದ ಆದಾಯಕ್ಕೆ ಈ ರಿಬೇಟ್ ಸಲ್ಲುವುದಿಲ್ಲ ಎಂಬುದನ್ನು ಮರೆತವರಿಗೆ ಲೆಕ್ಕ ಕೈಕೊಡುತ್ತದೆ.

ಬ್ರಿಟನ್ನಿನ ಪ್ರಪಾತ ಇಳಿಜಾರಿನ ರೂಪದಲ್ಲಿದೆ. ಒಂದು ಲಕ್ಷ ಪೌಂಡ್ ದಾಟಿದ ಮೇಲೆ ಪ್ರತಿ ಎರಡು ಪೌಂಡಿಗೆ ಒಂದು ಪೌಂಡಿನಂತೆ 12,570 ಪೌಂಡಿನ ತೆರಿಗೆರಹಿತ ಮಿತಿ ಕರಗುತ್ತದೆ. ಹೀಗಾಗಿ 1,00,000ದಿಂದ 1,25,140ರ ನಡುವಿನ ಗಳಿಕೆಗೆ ಕೋಷ್ಟಕದಲ್ಲಿ ಶೇ 40 ಎಂದಿದ್ದರೂ ನಿಜದಲ್ಲಿ ಬೀಳುವುದು ಶೇ 60.

ಇನ್ನು ಏನೂ ಬದಲಾಗದಿರುವುದೇ ಬದಲಾವಣೆಯಾಗುವ ಬಗೆ. ಅದೇ 12,570ರ ಮಿತಿ 2021ರ ಏಪ್ರಿಲ್‌ನಿಂದ ಅಲ್ಲೇ ನಿಂತಿದೆ, ಬೆಲೆ ಮತ್ತು ಸಂಬಳ ನಿಂತಿಲ್ಲ. 20,000 ಪೌಂಡ್ ಗಳಿಸುವವರು ಶೇ 20ರಂತೆ ಕಟ್ಟುವುದು 1,486. ಸಂಬಳ ಶೇ 10ರಷ್ಟು ಏರಿ 22,000 ಆದರೆ ಕಟ್ಟುವುದು 1,886. ಸಂಬಳ ಹತ್ತಂಶ ಏರಿದಾಗ ತೆರಿಗೆ ಕಾಲು ಭಾಗಕ್ಕಿಂತ ಹೆಚ್ಚು ಏರಿತು, ಯಾವ ದರವನ್ನೂ ಯಾರೂ ಮುಟ್ಟಲಿಲ್ಲ. ಸರ್ಕಾರಗಳಿಗೆ ಈ ದಾರಿ ಇಷ್ಟವಾಗುವುದಕ್ಕೆ ಕಾರಣ ಹೇಳಬೇಕಿಲ್ಲ. ಹಾಗಾಗಿ ಪ್ರತಿ ವರ್ಷ ‘ಏನೂ ಬದಲಾಗಿಲ್ಲ’ ಎಂಬ ಸುದ್ದಿ ಬಂದಾಗಲೂ ಎರಡು ಕಾಲಂ ಹಾಕುವುದು ಒಳ್ಳೆಯದು.

4. ಮುರಿದುಕೊಂಡದ್ದು ಬೇರೆ, ಕಟ್ಟಬೇಕಾದದ್ದು ಬೇರೆ

ಸಂಬಳದಲ್ಲೇ ತೆರಿಗೆ ಮುರಿದುಕೊಳ್ಳುವ ಪದ್ಧತಿ ಅಮೆರಿಕದಲ್ಲಿ 1943ರಲ್ಲಿ, ಬ್ರಿಟನ್ನಿನಲ್ಲಿ 1944ರಲ್ಲಿ, ಯುದ್ಧದ ಖರ್ಚಿನ ನಡುವೆ ಬಂತು. ಅಂದಿನಿಂದ ಸಂಬಳದಾರರು ತೆರಿಗೆಯನ್ನು ‘ಕಟ್ಟುವುದು’ ನಿಂತು, ತೆರಿಗೆ ‘ಹೋಗುವುದು’ ಶುರುವಾಯಿತು. ಮುರಿದುಕೊಳ್ಳುವುದು ವರ್ಷದ ತೆರಿಗೆಯ ಅಂದಾಜು ಕಂತು ಅಷ್ಟೇ. ಕಾನೂನು ಬದಲಾದ ವರ್ಷ ಈ ಅಂದಾಜು ಹೆಚ್ಚು ತಪ್ಪುತ್ತದೆ.

2018ರ ಫೆಬ್ರುವರಿಯಿಂದ ಅಮೆರಿಕದ ಉದ್ಯೋಗದಾತರು ಹೊಸ ಕೋಷ್ಟಕ ಬಳಸತೊಡಗಿದಾಗ ಕೈಗೆ ಬರುವ ಸಂಬಳ ಹೆಚ್ಚಾಯಿತು. 2019ರಲ್ಲಿ ರಿಟರ್ನ್ ಸಲ್ಲಿಸಿದ ಹಲವರಿಗೆ ಪ್ರತಿ ವರ್ಷ ಬರುತ್ತಿದ್ದ ರೀಫಂಡ್ ಬರಲಿಲ್ಲ, ಕೆಲವರು ಮೇಲಿಂದ ಕಟ್ಟಬೇಕಾಯಿತು. ತೆರಿಗೆ ಏರಿದೆ ಎಂದು ಗಲಾಟೆಯಾಯಿತು. ಅವರಲ್ಲಿ ಬಹಳ ಜನರ ಒಟ್ಟು ತೆರಿಗೆ ಇಳಿದಿತ್ತು, ರೀಫಂಡಿನ ಹಣ ತಿಂಗಳು ತಿಂಗಳು ಸಂಬಳದಲ್ಲೇ ಬಂದು ಖರ್ಚಾಗಿತ್ತು.

ಮಾಡಬೇಕಾದ್ದು ಇಷ್ಟು. ಹೊಸ ನಿಯಮ ಜಾರಿಯಾದ ಮೊದಲ ಸಂಬಳ ಚೀಟಿಯಲ್ಲಿ ಮುರಿದ ತೆರಿಗೆಯನ್ನು ಉಳಿದ ತಿಂಗಳುಗಳಿಗೆ ಗುಣಿಸಿ, ಈವರೆಗೆ ಮುರಿದದ್ದನ್ನು ಕೂಡಿಸಿ, ಮೂರನೆಯ ಹೆಜ್ಜೆಯ ಬಲಗಡೆಯ ಕಾಲಂನ ಕೊನೆಯ ಸಾಲಿಗೆ ಹೋಲಿಸಿ. ಕಡಿಮೆ ಬಿದ್ದರೆ ಉದ್ಯೋಗದಾತರಿಗೆ ಹೇಳಿ ಹೆಚ್ಚು ಮುರಿಯಲು ಕೇಳಿಕೊಳ್ಳಿ ಅಥವಾ ಮುಂಗಡ ತೆರಿಗೆ ಕಟ್ಟಿ. ವರ್ಷದ ನಡುವೆ ಕೆಲಸ ಬದಲಿಸಿದವರು, ಎರಡು ಕಡೆ ದುಡಿಯುವವರು, ಬಾಡಿಗೆ ಅಥವಾ ಬಡ್ಡಿ ಬರುವವರು ಇದನ್ನು ಮಾಡಲೇಬೇಕು. ಇಬ್ಬರು ಉದ್ಯೋಗದಾತರು ತಮ್ಮ ತಮ್ಮ ಲೆಕ್ಕದಲ್ಲಿ ಕೆಳಗಿನ ಹಂತದ ಲಾಭವನ್ನು ಎರಡು ಸಲ ಕೊಟ್ಟಿರುತ್ತಾರೆ. ವರ್ಷದ ಕೊನೆಯಲ್ಲಿ ಒಂದನ್ನು ಹಿಂದಿರುಗಿಸುವವರು ನೀವೇ.

ಎರಡು ಪದ್ಧತಿಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ, ಆಯ್ಕೆಯನ್ನು ಮತ್ತೆ ಬದಲಿಸಬಹುದೇ ಎಂದು ತಿಳಿದುಕೊಂಡೇ ಗುರುತು ಹಾಕಿ. ಭಾರತದಲ್ಲಿ ಬರೀ ಸಂಬಳದ ಆದಾಯವಿರುವವರು ಪ್ರತಿ ವರ್ಷ ಹಳೆಯದಕ್ಕೂ ಹೊಸದಕ್ಕೂ ಹೋಗಿಬರಬಹುದು. ವ್ಯಾಪಾರದ ಆದಾಯವಿರುವವರು ಹೊಸ ಪದ್ಧತಿಯಿಂದ ಹೊರಹೋದರೆ ವಾಪಸು ಬರಲು ಸಿಗುವುದು ಒಂದೇ ಅವಕಾಶ.

5. ಉದ್ಯೋಗದಾತರಿಗೆ: ಮೂರು ಹಣವನ್ನು ಬೇರೆ ಮಾಡಿ

ಜನರನ್ನು ಕೆಲಸಕ್ಕೆ ಇಟ್ಟುಕೊಂಡ ಸಣ್ಣ ಉದ್ಯಮಿಯ ಕೈಯಲ್ಲಿ ಮೂರು ಬಗೆಯ ತೆರಿಗೆ ಹಣ ಓಡಾಡುತ್ತದೆ. ನೌಕರರ ಸಂಬಳದಿಂದ ಮುರಿದದ್ದು ಒಂದು. ಅದು ಅವರ ಹಣ, ಸರ್ಕಾರಕ್ಕೆ ಸೇರಬೇಕಾದದ್ದು, ನಿಮ್ಮಲ್ಲಿ ಕೆಲವು ದಿನ ತಂಗಿರುತ್ತದೆ. ನೌಕರರನ್ನು ಇಟ್ಟುಕೊಂಡದ್ದಕ್ಕೆ ನೀವು ಮೇಲಿಂದ ಕೊಡುವ ಪಾಲು ಎರಡನೆಯದು; ಪಿಎಫ್, ಸಾಮಾಜಿಕ ವಿಮೆ ಇಂಥವು. ನಿಮ್ಮ ಲಾಭದ ಮೇಲಿನ ತೆರಿಗೆ ಮೂರನೆಯದು. ಹೊಸ ಕಾನೂನು ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ಇದು ಮೂರರಲ್ಲಿ ಯಾವುದನ್ನು ಮುಟ್ಟಿತು? ಮೊದಲನೆಯದಾದರೆ ನಿಮಗೆ ಖರ್ಚಿಲ್ಲ, ಕೆಲಸ ಇದೆ. ಎರಡನೆಯದಾದರೆ ಪ್ರತಿ ತಿಂಗಳ ಖರ್ಚೇ ಏರುತ್ತದೆ, ಲಾಭ ಬರಲಿ ಬಿಡಲಿ. ಮೂರನೆಯದಾದರೆ ಲಾಭ ಇದ್ದರೆ ಮಾತ್ರ ತಲೆನೋವು.

ಮೊದಲನೆಯ ಹಣವನ್ನು ಕೈಸಾಲದಂತೆ ಬಳಸುವ ಚಾಳಿ ಎಲ್ಲ ದೇಶಗಳಲ್ಲೂ ಇದೆ, ಎಲ್ಲ ದೇಶಗಳೂ ಅದಕ್ಕೆ ಕಠಿಣವಾಗಿವೆ. ಅಮೆರಿಕದಲ್ಲಿ ಕಂಪನಿ ಮುಳುಗಿದರೂ ಆ ಹಣ ಕಟ್ಟದೆ ಬಿಟ್ಟ ಹೊಣೆಗಾರ ವ್ಯಕ್ತಿಯ ಸ್ವಂತ ಆಸ್ತಿಗೆ ಕೈ ಹಾಕಬಹುದು. ಭಾರತದಲ್ಲಿ ಟಿಡಿಎಸ್ (ಹಣ ಕೊಡುವಾಗಲೇ ಮುರಿಯುವ ತೆರಿಗೆ) ಮುರಿಯದೇ ಬಿಟ್ಟರೆ ತಿಂಗಳಿಗೆ ಶೇ 1 ಬಡ್ಡಿ, ಮುರಿದು ಕಟ್ಟದೇ ಇಟ್ಟುಕೊಂಡರೆ ಶೇ 1.5. ಎರಡನೆಯದಕ್ಕೆ ಯಾಕೆ ಹೆಚ್ಚು ಎಂಬುದರಲ್ಲೇ ಕಾನೂನಿನ ಮನಸ್ಸು ಗೊತ್ತಾಗುತ್ತದೆ. ಬೇರೆಯೇ ಬ್ಯಾಂಕ್ ಖಾತೆ ತೆರೆದು ಸಂಬಳದ ದಿನವೇ ಅಲ್ಲಿಗೆ ವರ್ಗಾಯಿಸಿಬಿಡಿ.

ಎರಡನೆಯ ಹಣದ ಲೆಕ್ಕಕ್ಕೆ ಬ್ರಿಟನ್ನಿನ 2025ರ ಬದಲಾವಣೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನ್ಯಾಷನಲ್ ಇನ್ಶೂರೆನ್ಸ್‌ನಲ್ಲಿ ಉದ್ಯೋಗದಾತರ ದರ ಶೇ 13.8ರಿಂದ ಶೇ 15ಕ್ಕೆ ಏರಿತು, ಸುದ್ದಿಯಾದದ್ದು ಅದು. ದರ ಲೆಕ್ಕಕ್ಕೆ ಬರುವ ಗೆರೆ ಒಬ್ಬ ನೌಕರರಿಗೆ ವರ್ಷಕ್ಕೆ 9,100 ಪೌಂಡ್ ಇದ್ದದ್ದು 5,000ಕ್ಕೆ ಇಳಿಯಿತು. ಜೊತೆಗೆ ಅರ್ಹ ಉದ್ಯೋಗದಾತರು ಒಟ್ಟು ಬಾಕಿಯಿಂದ ಕಳೆದುಕೊಳ್ಳಬಹುದಾದ ಭತ್ಯೆ 5,000ದಿಂದ 10,500ಕ್ಕೆ ಏರಿತು. ಮೂರೂ ಒಟ್ಟಿಗೆ.

ವರ್ಷಕ್ಕೆ 25,000 ಪೌಂಡ್ ಸಂಬಳದ ಒಬ್ಬ ನೌಕರರಿಗೆ ಮೊದಲು ಬೀಳುತ್ತಿದ್ದದ್ದು 15,900ಕ್ಕೆ ಶೇ 13.8ರಂತೆ ಸುಮಾರು 2,194. ಈಗ 20,000ಕ್ಕೆ ಶೇ 15ರಂತೆ 3,000. ತಲೆಗೆ ಸುಮಾರು 806 ಹೆಚ್ಚು, ಅದರಲ್ಲಿ ದೊಡ್ಡ ಪಾಲು ಗೆರೆ ಇಳಿದದ್ದರಿಂದ ಬಂದದ್ದು. ಇಂಥ ಮೂವರು ನೌಕರರಿರುವ ಉದ್ಯಮ ಮೊದಲು ಭತ್ಯೆ ಕಳೆದು ಸುಮಾರು 1,583 ಕಟ್ಟುತ್ತಿತ್ತು. ಈಗ 9,000ದ ಬಾಕಿಯನ್ನು 10,500ರ ಭತ್ಯೆ ನುಂಗಿಹಾಕುತ್ತದೆ, ಕಟ್ಟುವುದು ಸೊನ್ನೆ. ಆರು ಜನರಿದ್ದರೂ 8,165 ಇದ್ದದ್ದು 7,500ಕ್ಕೆ ಇಳಿಯುತ್ತದೆ. ಏಳನೆಯವರು ಬಂದಾಗ ತಕ್ಕಡಿ ವಾಲುತ್ತದೆ: 10,359ರ ಜಾಗದಲ್ಲಿ 10,500. ಹತ್ತು ಜನರಿದ್ದರೆ 16,942 ಇದ್ದದ್ದು 19,500. ದರ ಏರಿತೆಂದು ಕೇಳಿ ಮೂರು ಜನರಲ್ಲಿ ಒಬ್ಬರನ್ನು ಕೈಬಿಡಲು ಹೊರಟ ಮಾಲೀಕರಿಗೆ ಈ ಲೆಕ್ಕ ಮೊದಲೇ ಸಿಕ್ಕಿದ್ದರೆ ಒಂದು ಕೆಲಸ ಉಳಿಯುತ್ತಿತ್ತು. ಒಬ್ಬರೇ ನಿರ್ದೇಶಕರಿದ್ದು ಅವರೊಬ್ಬರೇ ನೌಕರರೂ ಆಗಿರುವ ಕಂಪನಿಗೆ ಈ ಭತ್ಯೆ ಇಲ್ಲ. ಎಲ್ಲಕ್ಕಿಂತ ಸಣ್ಣವರಿಗೇ ಇಲ್ಲ, ನೋಡಿ.

ನೀವು ಯಾವ ದೇಶದಲ್ಲಿದ್ದರೂ ಇದೇ ಮೂರು ಸಾಲು ಬರೆಯಿರಿ: ದರ, ಗೆರೆ, ಭತ್ಯೆ. ಆಮೇಲೆ ನಿಮ್ಮ ನೌಕರರ ಸಂಖ್ಯೆಗೂ, ಅದಕ್ಕೆ ಒಬ್ಬರನ್ನು ಸೇರಿಸಿಯೂ ಲೆಕ್ಕ ಹಾಕಿ. ಮುಂದಿನ ನೇಮಕದ ನಿಜವಾದ ಖರ್ಚು ಆ ಎರಡರ ವ್ಯತ್ಯಾಸ.

ಇಲ್ಲೇ ಇನ್ನೊಂದು ಮಾತು. ‘ಕೈಗೆ ಇಷ್ಟು’ ಎಂದು ಸಂಬಳ ಮಾತಾಡುವ ರೂಢಿ ಸಣ್ಣ ಉದ್ಯಮಗಳಲ್ಲಿ ಬಹಳ. ಹಾಗೆ ಮಾತು ಕೊಟ್ಟಿದ್ದರೆ ನೌಕರರ ಮೇಲೆ ಬೀಳಬೇಕಾದ ತೆರಿಗೆ ಏರಿಕೆಯೂ ನಿಮ್ಮ ತಲೆಗೇ ಬರುತ್ತದೆ, ಮೊದಲನೆಯ ಹಣ ಎರಡನೆಯದಾಗಿ ಬಿಡುತ್ತದೆ. ಒಪ್ಪಂದದಲ್ಲಿ ಒಟ್ಟು ಸಂಬಳ ಬರೆಯಿರಿ.

6. ನೌಕರರೋ, ಗುತ್ತಿಗೆಯವರೋ

ಪಾಲು ಏರಿದ ಕೂಡಲೇ ಕೆಲವರಿಗೆ ಹೊಳೆಯುವ ಉಪಾಯ, ನೌಕರರನ್ನು ಗುತ್ತಿಗೆದಾರರೆಂದು ಬರೆದುಕೊಳ್ಳುವುದು. ಕಾಗದದ ಮೇಲಿನ ಹೆಸರನ್ನು ಯಾವ ತೆರಿಗೆ ಇಲಾಖೆಯೂ ಕೊನೆಯ ಮಾತೆಂದು ಒಪ್ಪುವುದಿಲ್ಲ. ಯಾವಾಗ ಬರಬೇಕು, ಹೇಗೆ ಮಾಡಬೇಕು ಎಂದು ಹೇಳುವವರು ಯಾರು, ಸಲಕರಣೆ ಯಾರದು, ಬದಲಿಗೆ ಇನ್ನೊಬ್ಬರನ್ನು ಕಳಿಸಬಹುದೇ, ನಷ್ಟವಾದರೆ ಯಾರಿಗೆ, ಇವನ್ನು ನೋಡುತ್ತಾರೆ. ತೀರ್ಮಾನಿಸುವ ಹೊಣೆಯನ್ನೇ ಕಾನೂನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವುದೂ ಉಂಟು. ಬ್ರಿಟನ್ನಿನಲ್ಲಿ ಸ್ವಂತ ಕಂಪನಿಯ ಮೂಲಕ ದುಡಿಯುವವರ ವಿಷಯದಲ್ಲಿ ಆ ಹೊಣೆ ದುಡಿಯುವವರದ್ದಾಗಿತ್ತು. 2017ರಲ್ಲಿ ಸರ್ಕಾರಿ ವಲಯದಲ್ಲಿ, 2021ರಲ್ಲಿ ಮಧ್ಯಮ ಮತ್ತು ದೊಡ್ಡ ಖಾಸಗಿ ಕಂಪನಿಗಳಲ್ಲಿ ಕೆಲಸ ಕೊಡುವವರ ಮೇಲೆ ಬಂತು. ಸಣ್ಣ ಕಂಪನಿಗಳಿಗೆ ವಿನಾಯಿತಿ ಇದೆ. ಬೆಳೆದು ಆ ಗಾತ್ರ ದಾಟುವ ವರ್ಷ ಇದನ್ನು ನೆನಪಿಡಬೇಕು.

7. ದರ ಬದಲಾಗದೆ ಬದಲಾಗುವ ಗಡುವುಗಳು

ಕಟ್ಟುವ ಮೊತ್ತ ಅಷ್ಟೇ ಇದ್ದು ಕಟ್ಟುವ ದಿನ ಮೊದಲಿಗಿಂತ ಬೇಗ ಬಂದರೆ ಸಣ್ಣ ಉದ್ಯಮದ ಕೈ ಕಟ್ಟಿದಂತೆ. ಆಸ್ಟ್ರೇಲಿಯದಲ್ಲಿ ನಿವೃತ್ತಿ ನಿಧಿಯ ಪಾಲನ್ನು ಮೂರು ತಿಂಗಳಿಗೊಮ್ಮೆ ಕಟ್ಟಿದರೆ ಸಾಕಾಗಿತ್ತು. 2026ರ ಜುಲೈ 1ರಿಂದ ಸಂಬಳ ಕೊಟ್ಟ ಏಳು ಕೆಲಸದ ದಿನಗಳೊಳಗೆ ನಿಧಿಗೆ ತಲುಪಬೇಕೆಂಬ ಕಾನೂನು ಮಾಡಿದ್ದಾರೆ. ಖರ್ಚು ಒಂದು ಡಾಲರೂ ಹೆಚ್ಚಲ್ಲ, ಆದರೆ ಮೂರು ತಿಂಗಳು ಕೈಯಲ್ಲಿ ಆಡುತ್ತಿದ್ದ ಹಣ ಇನ್ನು ಆಡುವುದಿಲ್ಲ. ಇಂಥ ಬದಲಾವಣೆ ಕಂಡರೆ ಲಾಭ ನಷ್ಟದ ಪಟ್ಟಿಯನ್ನಲ್ಲ, ಮುಂದಿನ ಆರು ತಿಂಗಳ ಬ್ಯಾಂಕ್ ಬಾಕಿಯ ಅಂದಾಜನ್ನು ಹೊಸದಾಗಿ ಬರೆಯಬೇಕು.

ಭಾರತದಲ್ಲಿ 2023ರ ಹಣಕಾಸು ಕಾಯ್ದೆ ತಂದ ನಿಯಮವೂ ಇದೇ ಜಾತಿಯದು. ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೆ ಹೆಚ್ಚೆಂದರೆ 45 ದಿನದೊಳಗೆ ಕೊಡದಿದ್ದರೆ, ಆ ಖರ್ಚನ್ನು ನಿಜವಾಗಿ ಹಣ ಕೊಟ್ಟ ವರ್ಷದಲ್ಲೇ ತೋರಿಸಬೇಕು. ಮಾರ್ಚ್ ಕೊನೆಗೆ ಗಡುವು ಮೀರಿದ ಬಾಕಿ ಉಳಿಸಿಕೊಂಡರೆ ಕೊಟ್ಟಿಲ್ಲದ ಹಣಕ್ಕೂ ಆ ವರ್ಷ ತೆರಿಗೆ.

ಖರ್ಚು ತೋರಿಸಲೆಂದೇ ವರ್ಷದ ಕೊನೆಯ ವಾರ ಬೇಡದ ಯಂತ್ರ ಕೊಳ್ಳುವವರಿಗೆ ಒಂದೇ ಲೆಕ್ಕ: ದರ ಶೇ 25 ಇದ್ದರೆ ನೂರು ಖರ್ಚು ಮಾಡಿ ಉಳಿಸುವುದು ಇಪ್ಪತ್ತೈದು.

8. ಜಾರಿಯಾಗುವ ತಿಂಗಳು

ಪೇರೋಲ್ ಸಾಫ್ಟ್‌ವೇರ್ ಅಪ್‌ಡೇಟ್ ಆಯಿತೆಂದು ನಂಬಿ ಕೂರಬೇಡಿ. ಮೂವರ ಸಂಬಳ ಚೀಟಿಯನ್ನು ಕೈಲೆಕ್ಕದಲ್ಲಿ ತಾಳೆ ನೋಡಿ: ಗೆರೆಯ ಕೆಳಗಿರುವವರೊಬ್ಬರು, ಗೆರೆಯ ಅಂಚಿನಲ್ಲಿರುವವರೊಬ್ಬರು, ಎಲ್ಲರಿಗಿಂತ ಹೆಚ್ಚು ಸಂಬಳದವರೊಬ್ಬರು. ತಪ್ಪು ಹೆಚ್ಚಾಗಿ ಅಂಚಿನಲ್ಲಿರುತ್ತದೆ.

ನೌಕರರಿಗೆ ಸಂಬಳದ ದಿನಕ್ಕೆ ಮುಂಚೆಯೇ ಒಂದು ಪುಟದ ಪತ್ರ ಕೊಡಿ. ಯಾವ ತಿಂಗಳಿಂದ ಕೈಗೆ ಬರುವ ಸಂಬಳ ಎಷ್ಟು ಬದಲಾಗುತ್ತದೆ, ಯಾವ ಸಾಲಿನಲ್ಲಿ, ಅವರು ಯಾವ ಅರ್ಜಿ ತುಂಬಿಕೊಡಬೇಕು, ಇಷ್ಟೇ ಇರಲಿ. ಯಾವ ಪದ್ಧತಿ ಆರಿಸಬೇಕು, ಎಲ್ಲಿ ಹಣ ಹೂಡಬೇಕು ಎಂಬ ಸಲಹೆ ಬೇಡ. ಮಾಲೀಕರ ಸಲಹೆ ಕೇಳಿ ತೆರಿಗೆ ಹೆಚ್ಚು ಕಟ್ಟಿದ ನೌಕರ ಅದನ್ನು ಬಹಳ ದಿನ ಮರೆಯುವುದಿಲ್ಲ.

9. ಮುಗಿಯುವ ದಿನ, ಹಿಂದಕ್ಕೆ ಹೋಗುವ ಕಾನೂನು, ಹಳೆಯ ಕಡತ

ಕೆಲವು ರಿಯಾಯಿತಿಗಳು ಹುಟ್ಟುವಾಗಲೇ ಸಾಯುವ ತಾರೀಖು ಹೊತ್ತಿರುತ್ತವೆ. ಅಮೆರಿಕದ 2017ರ ಕಾನೂನಿನಲ್ಲಿ ವ್ಯಕ್ತಿಗಳಿಗೆ ಕೊಟ್ಟ ಬಹುತೇಕ ಲಾಭಗಳು 2025ರ ಕೊನೆಗೆ ಮುಗಿಯಬೇಕಿತ್ತು, ಹಲವನ್ನು 2025ರ ಕಾನೂನು ಶಾಶ್ವತ ಮಾಡಿತು. ಹತ್ತು ವರ್ಷದ ಸಾಲ, ದೀರ್ಘಾವಧಿಯ ಬಾಡಿಗೆ ಒಪ್ಪಂದ, ನಿವೃತ್ತಿ ಯೋಜನೆ ಇಂಥವನ್ನು ಮುಗಿಯುವ ದಿನವಿರುವ ರಿಯಾಯಿತಿಯ ಮೇಲೆ ಕಟ್ಟಬಾರದು. ಮೊದಲ ಹೆಜ್ಜೆಯ ಮೂರು ತಾರೀಖುಗಳ ಪಕ್ಕದಲ್ಲಿ ನಾಲ್ಕನೆಯದಾಗಿ ಇದನ್ನೂ ಬರೆದಿಡಿ.

ಕಾನೂನು ಹಿಂದಿನ ವರ್ಷಗಳಿಗೂ ಕೈಚಾಚುವುದುಂಟು. ಭಾರತ 2012ರಲ್ಲಿ ದೊಡ್ಡ ಕಂಪನಿಗಳ ಆಸ್ತಿ ವರ್ಗಾವಣೆಯ ಮೇಲೆ ಪೂರ್ವಾನ್ವಯವಾಗುವ ತೆರಿಗೆ ತಂದು, 2021ರಲ್ಲಿ ಹಿಂದೆಗೆದುಕೊಂಡಿತು. ಸಣ್ಣವರಿಗೆ ಅಂಥದು ಅಪರೂಪ. ಹೆಚ್ಚು ಸಾಮಾನ್ಯವಾದದ್ದು ಎರಡು ಕಾನೂನುಗಳು ಒಟ್ಟಿಗೆ ನಡೆಯುವ ಕಾಲ. ಭಾರತದ 1961ರ ಆದಾಯ ತೆರಿಗೆ ಕಾಯ್ದೆಯ ಜಾಗದಲ್ಲಿ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗುತ್ತದೆ, ಸೆಕ್ಷನ್ ಸಂಖ್ಯೆಗಳೆಲ್ಲ ಬೇರೆ, ‘ಅಸೆಸ್‌ಮೆಂಟ್ ವರ್ಷ’ದ ಬದಲು ‘ತೆರಿಗೆ ವರ್ಷ’. ಆದರೂ 2026ರ ಮಾರ್ಚ್ 31ಕ್ಕೆ ಮುಗಿದ ವರ್ಷದ ರಿಟರ್ನ್ ಹಳೆಯ ಕಾಯ್ದೆಯಡಿಯೇ. ಏಪ್ರಿಲ್ 1ರಿಂದ ನೌಕರರ ಸಂಬಳದಲ್ಲಿ ಮುರಿಯುವುದು ಮಾತ್ರ ಹೊಸದರಡಿ. ಕಡತಗಳನ್ನು ವರ್ಷವಾರು ಕಟ್ಟಿಡಿ, ಪ್ರತಿ ಕಟ್ಟಿನ ಮೇಲೆ ಯಾವ ನಿಯಮದಡಿ ಲೆಕ್ಕ ಹಾಕಿದ್ದೆಂದು ಬರೆಯಿರಿ.

10. ಆಡಿಟರ್ ಹತ್ತಿರ ಹೋಗುವಾಗ

‘ಹೊಸ ಕಾನೂನಿನಿಂದ ನಮಗೇನಾಗುತ್ತೆ ಸಾರ್’ ಎಂದು ಕೇಳಿದರೆ ಸಿಗುವುದು ಭಾಷಣ. ಎರಡು ಕಾಲಂನ ಹಾಳೆ ಮುಂದಿಟ್ಟು, ‘ಈ ಸಾಲು ಸರಿಯೇ? ಈ ಗೆರೆಗೆ ನಾವು ಬರುತ್ತೇವೆಯೇ? ಇದಕ್ಕೆ ನಿಯಮ ಎಲ್ಲಿದೆ?’ ಎಂದು ಕೇಳಿ. ಉತ್ತರ ಮುಖ್ಯವಾದದ್ದಾದರೆ ಇಮೇಲ್‌ನಲ್ಲಿ ತರಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಹರಿದುಬಂದ ಪಟ್ಟಿಯನ್ನು ಎಷ್ಟು ಅಂದವಾಗಿದ್ದರೂ ಬದಿಗಿಡಿ. ಇಲಾಖೆಯ ಜಾಲತಾಣದಲ್ಲಿರುವ ಅಧಿಸೂಚನೆ, ಸುತ್ತೋಲೆ, ಪ್ರಶ್ನೋತ್ತರಗಳನ್ನೇ ಓದಿ. ಅಲ್ಲಿನ ಪುಟಗಳೂ ಸದ್ದಿಲ್ಲದೆ ತಿದ್ದುಪಡಿಯಾಗುತ್ತಿರುತ್ತವೆ, ಹಾಗಾಗಿ ನೀವು ನೆಚ್ಚಿಕೊಂಡ ಪುಟವನ್ನು ಪಿಡಿಎಫ್ ಮಾಡಿ, ನೋಡಿದ ತಾರೀಖನ್ನು ಫೈಲಿನ ಹೆಸರಿನಲ್ಲೇ ಸೇರಿಸಿ ಆ ವರ್ಷದ ಕಡತಕ್ಕೆ ಹಾಕಿಬಿಡಿ. ಮೂರು ವರ್ಷದ ಮೇಲೆ ನೋಟಿಸ್ ಬಂದಾಗ ಬೇಕಾಗುವುದು ಅದು.